ಲ್ಯಾರಿ ಹೋಮ್ಸ್‌ಗೆ ಸಿಗ್ಬೇಕಾದ ಮರ್ಯಾದೆ ಸಿಕ್ಕಿಲ್ಲ ಅನ್ನೋರು ಯಾರ್ಯಾರಿದ್ದೀರಾ?

ಎಡಗೈ_ಜ್ಯಾಬ್:
ಹೆವಿವೇಯ್ಟ್ ಬಾಕ್ಸಿಂಗ್ ಅಂದ್ರೆ ನಮ್ಮಲ್ಲಿ ಎರಡೇ ಹೆಸ್ರು, ಅಲಿ ಮತ್ತೆ ಟೈಸನ್. ಸ್ವಲ್ಪ ಜಾಸ್ತಿ ನೋಡಿರೋರು ಫ್ರೇಜರ್, ಫೋರ್ಮನ್ ಸೇರಿಸ್ತಾರೆ. ಅಲಿ ಇಳಿದು ಟೈಸನ್ ಹತ್ತೋ ನಡುವೆ ಯಾರಿದ್ರು ಅಂತ ಕೇಳಿ ನೋಡಿ, ಮುಕ್ಕಾಲು ಜನ ತಲೆ ಕೆರ್ಕೋತಾರೆ. ಅಲ್ಲಿ ಒಬ್ಬ ಮನುಷ್ಯ ಏಳು ವರ್ಷ ಕೂತಿದ್ದ ಸ್ವಾಮಿ. 1978ರ ಜೂನ್‌ನಿಂದ 1985ರ ಸೆಪ್ಟೆಂಬರ್‌ವರೆಗೆ. ಟೈಟಲ್ 20 ಸಲ ಉಳಿಸ್ಕೊಂಡ, ಒಂದೇ ಆಳ್ವಿಕೆಯಲ್ಲಿ ಅದಕ್ಕಿಂತ ಜಾಸ್ತಿ ಸಲ ಉಳಿಸ್ಕೊಂಡಿರೋ ಹೆವಿವೇಯ್ಟ್ ಜೋ ಲೂಯಿಸ್ ಒಬ್ನೇ, 25. 48 ಫೈಟ್ ಆಡಿ 48ನ್ನೂ ಗೆದ್ದಿದ್ದ ಒಂದು ಹಂತದಲ್ಲಿ. ಆದ್ರೂ ಟಾಪ್ 10 ಲಿಸ್ಟ್ ಮಾಡೋವಾಗ ಜನ ಇವನನ್ನ ಕೊನೇಲಿ, ಏನೋ ಪಾಪ ಇರ್ಲಿ ಅಂತ ಸೇರಿಸ್ತಾರೆ.

ಹುಟ್ಟಿದ್ದು 1949, ಜಾರ್ಜಿಯಾದ ಕತ್‌ಬರ್ಟ್ ಅನ್ನೋ ಊರಲ್ಲಿ, ಬೆಳೆದಿದ್ದು ಪೆನ್ಸಿಲ್ವೇನಿಯಾದ ಈಸ್ಟನ್. 12 ಮಕ್ಕಳಲ್ಲಿ ಒಬ್ಬ. ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟು ಕಾರ್ ವಾಶ್ ಕೆಲ್ಸಕ್ಕೆ ಸೇರ್ಕೊಂಡ. 1972ರ ಒಲಿಂಪಿಕ್ಸ್‌ಗೆ ಆಯ್ಕೆ ಆಗೋ ಫೈಟಲ್ಲಿ ಡ್ವೇನ್ ಬಾಬಿಕ್ ಅನ್ನೋನನ್ನ ಸುಮ್ಮನೆ ಹಿಡ್ಕೊಂಡು ಹಿಡ್ಕೊಂಡು ಡಿಸ್ಕ್ವಾಲಿಫೈ ಆದ, ಆವತ್ತಿಂದ ಇವನಿಗೆ ಗಟ್ಟಿ ಗುಂಡಿಗೆ ಇಲ್ಲ ಅಂತ ಹೆಸ್ರು ಬಿತ್ತು. 1973ರಲ್ಲಿ ಪ್ರೊಫೆಷನಲ್ ಆಗಿ ಮೊದ್ಲ ಫೈಟಿಗೆ ಕೈಗೆ ಬಂದಿದ್ದು 63 ಡಾಲರ್. ಆಮೇಲೆ ಐದು ವರ್ಷ ಏನ್ ಮಾಡ್ದ ಅಂದ್ರೆ ದೊಡ್ಡೋರ ಹತ್ರ ಏಟು ತಿಂದ. ಅಲಿ, ಫ್ರೇಜರ್, ಅರ್ನಿ ಶೇವರ್ಸ್, ಇವ್ರಿಗೆಲ್ಲಾ ಸ್ಪಾರಿಂಗ್ ಪಾರ್ಟ್ನರ್. ಅಂದ್ರೆ ಕೂಲಿ ತಗೊಂಡು ಏಟು ತಿನ್ನೋ ಕೆಲ್ಸ.

ನನ್ನ ವಾದ ಇಷ್ಟೇ. ಹೋಮ್ಸ್‌ನ ಅಳೀಬೇಕಂದ್ರೆ ಅಲಿ ಫೈಟೂ ಬೇಡ, ಟೈಸನ್ ಫೈಟೂ ಬೇಡ, ಎರಡೂ ಮುದುಕರನ್ನ ಹೊಡೆದ ಕಥೆ. ಎರಡೇ ರೌಂಡ್ ನೋಡಿ. ಒಂದು, 1978 ಜೂನ್ 9, ಕೆನ್ ನಾರ್ಟನ್ ಜೊತೆ 15ನೇ ರೌಂಡು. ಇನ್ನೊಂದು, 1979 ಸೆಪ್ಟೆಂಬರ್ 28, ಶೇವರ್ಸ್ ಜೊತೆ 7ನೇ ರೌಂಡು. ಅವೆರಡನ್ನ ನೋಡಿದ್ಮೇಲೂ ಇವ್ನು ಸಾಧಾರಣ ಚಾಂಪಿಯನ್ ಅಂತ ಅನ್ಸಿದ್ರೆ ನಾನು ವಾದ ಮಾಡಲ್ಲ.

ಐರನ್_ಮೈಕ್_ಭಕ್ತ:
ಗುರೂ ನಾಲ್ಕೇ ರೌಂಡಲ್ಲಿ ಹೋಮ್ಸ್‌ನ ಮಲಗಿಸಿದ್ನಲ್ಲ ನಮ್ಮ ಮೈಕ್ ಟೈಸನ್. 1988 ಜನವರಿ, ಅಟ್ಲಾಂಟಿಕ್ ಸಿಟಿ. ಮೂರು ಸಲ ಕೆಳಗೆ. ಅಷ್ಟು ದೊಡ್ಡ ಚಾಂಪಿಯನ್ ಆಗಿದ್ರೆ ಸ್ವಲ್ಪನಾದ್ರೂ ನಿಲ್ಲಬೇಕಿತ್ತು ಅಲ್ವಾ 😂

ಎಡಗೈ_ಜ್ಯಾಬ್:
ಈ ಕಮೆಂಟ್ ಮೊದ್ಲು ಬರತ್ತೆ ಅಂತ ಗೊತ್ತಿತ್ತು. ಮೈಕ್‌ಗೆ 21, ಹೋಮ್ಸ್‌ಗೆ 38. ಅದೂ 1986ರ ಏಪ್ರಿಲ್ ಆದ್ಮೇಲೆ ಒಂದೂ ಫೈಟ್ ಆಡಿರ್ಲಿಲ್ಲ, ರಿಟೈರ್ ಆಗಿ ಆರಾಮಾಗಿದ್ದವನನ್ನ ದುಡ್ಡು ತೋರ್ಸಿ ಕರ್ಕೊಂಡ್ಬಂದಿದ್ದು. ಮೂರನೇ ಸಲ ಬೀಳೋ ಮುಂಚೆ ಏನಾಯ್ತು ಅಂತ ಸ್ಲೋ ಮಾಡಿ ನೋಡಿ, ಅಪ್ಪರ್‌ಕಟ್, ಅಂದ್ರೆ ಕೆಳಗಿಂದ ಮೇಲಕ್ಕೆ ಹೊಡೆಯೋ ಏಟು, ಹಾಕೋಕೆ ಹೋದ ಬಲಗೈ ಹಗ್ಗಕ್ಕೆ ಸಿಕ್ಕಾಕೊಂಡಿದೆ, ಕೈ ಬಿಡಿಸ್ಕೊಳ್ಳೋ ಅಷ್ಟರಲ್ಲಿ ಬಿತ್ತು. ಅದಿಲ್ಲದಿದ್ರೂ ಸೋಲ್ತಿದ್ದ, ಅದರಲ್ಲಿ ಅನುಮಾನ ಇಲ್ಲ. ಆದ್ರೆ 75 ಫೈಟ್ ಆಡಿರೋ ಮನುಷ್ಯನನ್ನ ನಾಕ್‌ಔಟ್ ಮಾಡಿದ್ದು ಇಡೀ ಜೀವನದಲ್ಲಿ ಟೈಸನ್ ಒಬ್ನೇ, ಅಷ್ಟು ಹೇಳಿ ಸಾಕು.

ಧಾರ್ವಾಡ್_ಪೇಢಾ:
ಎಲ್ಲಾ ಖರೆ ಐತ್ರಿ, ಆದ್ರ 20 ಸಲ ಉಳಿಸ್ಕೊಂಡ ಅಂತ ಎದಿ ತಟ್ಕೊಳ್ಳೂದ್ರಾಗ ಅರ್ಥ ಇಲ್ಲ. ಯಾರ್ ಯಾರ್ ಜೋಡಿ ಆಡ್ಯಾನ ಅನ್ನೂದು ನೋಡ್ರಿ. ಲೊರೆಂಜೊ ಜಾನನ್, ಲೆರಾಯ್ ಜೋನ್ಸ್, ಸ್ಕಾಟ್ ಲೆಡೂ, ಲೂಸಿಯನ್ ರೋಡ್ರಿಗ್ಸ್, ಸ್ಕಾಟ್ ಫ್ರಾಂಕ್. ಈ ಹೆಸ್ರು ಅವ್ರ ಓಣ್ಯಾಗಿನ ಮಂದಿಗರ ಗೊತ್ತಿದ್ವೋ ಇಲ್ಲೋ. 1983ರ ನವೆಂಬರ್‌ದಾಗ ಮಾರ್ವಿಸ್ ಫ್ರೇಜರ್‌ನ ಒಂದ ರೌಂಡಿನ್ಯಾಗ ಹೊಡೆದ, ಆ ಹುಡುಗ ಬರೇ 10 ಫೈಟ್ ಆಡಿದ್ದ, ಅಪ್ಪ ಜೋ ಫ್ರೇಜರ್ ಅನ್ನೂದೊಂದ ಅವನ ಬಂಡವಾಳ. ಇವನಿಗೆ ಬೆಲ್ಟ್ ಕೊಟ್ಟಿದ್ದ ಸಂಸ್ಥೆ ಡಬ್ಲ್ಯೂಬಿಸಿ ಅವ್ರ ಸುದ್ದಾ ಅದನ್ನ ಟೈಟಲ್ ಫೈಟ್ ಅಂತ ಒಪ್ಪಿಕೊಳ್ಳಲಿಲ್ಲ. ಸರದಿಯೊಳಗ ಮುಂದಿದ್ದ ಚಾಲೆಂಜರ್ ಗ್ರೆಗ್ ಪೇಜ್ ಜೋಡಿ ಆಡಪಾ ಅಂದ್ರ ರೊಕ್ಕ ಕಮ್ಮಿ ಅಂದು ಬೆಲ್ಟ್ ಬಿಟ್ಟು ಐಬಿಎಫ್ ಅನ್ನೂ ಹೊಸಾ ಸಂಸ್ಥೆಕ್ಕ ಜಿಗದ. ಪಿಂಕ್ಲನ್ ಥಾಮಸ್ ಜೋಡಿ ಆಡಲಿಲ್ಲ, ಡೋಕ್ಸ್ ಜೋಡಿ ಆಡಲಿಲ್ಲ. ವಿದರ್‌ಸ್ಪೂನ್ ಜೋಡಿ ಕೂದಲೆಳೆದಾಗ ಪಾರಾದ, ಎರಡನೇ ಸಲ ಅವನ ಹತ್ರ ಸುಳೀಲಿಲ್ಲ. ಏಳು ವರ್ಷ ಇದ್ದು ಒಂದು ಸಲನೂ ಎರಡು ಬೆಲ್ಟ್ ಕೂಡಸಲಿಲ್ಲ.

ಅಂಕಪಟ್ಟಿ:
ಧಾರ್ವಾಡ್ ಸರ್, ನಿಮ್ ಲಿಸ್ಟ್ ಕರೆಕ್ಟು, ಆದ್ರೆ ಅರ್ಧ ಲಿಸ್ಟು. ಉಳಿದರ್ಧ ನಾನ್ ಹಾಕ್ತೀನಿ. ಮೈಕ್ ವೀವರ್‌ನ 1979ರಲ್ಲಿ ಹೋಮ್ಸ್ 12ನೇ ರೌಂಡಲ್ಲಿ ನಿಲ್ಲಿಸ್ದ, ಅದೇ ವೀವರ್ ಮುಂದಿನ ವರ್ಷ ಜಾನ್ ಟೇಟ್‌ನ ಕೊನೇ ರೌಂಡಲ್ಲಿ ಮಲಗಿಸಿ ಇನ್ನೊಂದು ಸಂಸ್ಥೆ ಡಬ್ಲ್ಯೂಬಿಎಯ ಚಾಂಪಿಯನ್ ಆದ. ಟ್ರೆವರ್ ಬರ್ಬಿಕ್‌ನ 1981ರಲ್ಲಿ 15 ರೌಂಡ್ ಆಡಿ ಸೋಲಿಸ್ದ, ಬರ್ಬಿಕ್ 1986ರಲ್ಲಿ ಡಬ್ಲ್ಯೂಬಿಸಿ ಚಾಂಪಿಯನ್. ವಿದರ್‌ಸ್ಪೂನ್‌ನ 1983ರಲ್ಲಿ ಸೋಲಿಸ್ದ, ಅವನು 1984ರಲ್ಲಿ ಒಂದು ಬೆಲ್ಟು 1986ರಲ್ಲಿ ಇನ್ನೊಂದು ಬೆಲ್ಟು ತಗೊಂಡ. ಬೋನ್‌ಕ್ರಷರ್ ಸ್ಮಿತ್‌ನ 1984ರಲ್ಲಿ 12ನೇ ರೌಂಡಲ್ಲಿ ನಿಲ್ಲಿಸ್ದ, ಸ್ಮಿತ್ 1986ರ ಕೊನೇಲಿ ಡಬ್ಲ್ಯೂಬಿಎ ಚಾಂಪಿಯನ್. ಅಂದ್ರೆ ಇವನ ಕೈಲಿ ಸೋತ ನಾಲ್ಕು ಜನ ಆಮೇಲೆ ಹೋಗಿ ವರ್ಲ್ಡ್ ಟೈಟಲ್ ಗೆದ್ದಿದ್ದಾರೆ. ಗೆಲ್ಲೋವಾಗ ಅವ್ರು ಯಾರೂ ದೊಡ್ಡ ಹೆಸ್ರಾಗಿರ್ಲಿಲ್ಲ ಅದಕ್ಕೆ ಇವನಿಗೆ ಕ್ರೆಡಿಟ್ ಸಿಗ್ಲಿಲ್ಲ, ದೊಡ್ಡ ಹೆಸ್ರಾಗಿದ್ದ ಅಲಿ, ಲಿಯಾನ್ ಸ್ಪಿಂಕ್ಸ್ ಇಬ್ರೂ ಇವನ ಹತ್ರ ಬರೋ ಹೊತ್ತಿಗೆ ಮುಗ್ದೋಗಿದ್ರು ಅದಕ್ಕೂ ಕ್ರೆಡಿಟ್ ಸಿಗ್ಲಿಲ್ಲ. ಆ ಕಡೆಯಿಂದ್ಲೂ ಹೊಡ್ತ ಈ ಕಡೆಯಿಂದ್ಲೂ ಹೊಡ್ತ.

ಬೆಲ್ಟ್ ಕೂಡಿಸೋ ವಿಷ್ಯ. 1984ರಲ್ಲಿ ಡಬ್ಲ್ಯೂಬಿಎ ಚಾಂಪಿಯನ್ ಗೆರ್ರಿ ಕೊಯೆಟ್ಜಿ ಜೊತೆ ಫೈಟ್ ಫಿಕ್ಸ್ ಆಗಿತ್ತು, ದುಡ್ಡು ಹಾಕೋರು ಕೈ ಎತ್ತಿದ್ರು, ನಿಂತೋಯ್ತು. ಪೇಜ್ ವಿಷ್ಯದಲ್ಲಿ ಮಾತ್ರ ನಿಮ್ ಪರ ಇದೀನಿ.

ಧಾರ್ವಾಡ್_ಪೇಢಾ:
ನಾಲ್ಕೂ ಮಂದಿ ಬೆಲ್ಟ್ ಎಷ್ಟ ತಿಂಗಳ ಇಟ್ಕೊಂಡ್ರು ಅದನ್ನೂ ಬರೀರಿ ಮತ್ತ. ಆ ಟೈಮಿನ್ಯಾಗ ಬೆಲ್ಟ್ ಅನ್ನೂದು ಸಂತ್ಯಾಗಿನ ಬದನೀಕಾಯಿ ಆಗಿತ್ತು, ಇವತ್ತ ಇವನ ಚೀಲದಾಗ ನಾಳೆ ಅವನ ಚೀಲದಾಗ.

ಅಂಕಪಟ್ಟಿ:
ಅದೇ ತಾನೇ ಪಾಯಿಂಟು! ಬೇರೆ ಯಾರ ಕೈಲೂ ಮೂರು ವರ್ಷ ಇಟ್ಕೊಳ್ಳಕ್ಕಾಗದೇ ಇದ್ದಿದ್ದನ್ನ ಇವ್ನು ಏಳು ವರ್ಷ ಇಟ್ಕೊಂಡಿದ್ದಾನೆ. ಆ ತಲೆಮಾರಲ್ಲಿ ಪ್ರತಿಭೆ ಇರ್ಲಿಲ್ಲ ಅಂತಲ್ಲ. ಪೇಜ್, ಡೋಕ್ಸ್, ವಿದರ್‌ಸ್ಪೂನ್ ಎಲ್ರಿಗೂ ಕೈಯಿತ್ತು, ಡ್ರಗ್ಸು, ಹೊಟ್ಟೆ, ಪ್ರಮೋಟರ್ ಜೊತೆ ಜಗಳ, ಇದ್ರಲ್ಲೇ ಹಾಳಾದ್ರು. ಹೋಮ್ಸ್ ಪ್ರತಿ ಸಲ ರೆಡಿಯಾಗಿ ಬಂದ.

ಹೊಸಬ_ಬಾಕ್ಸಿಂಗ್:
ನಾನ್ ಈಗಷ್ಟೇ ಹಳೇ ಫೈಟ್ ನೋಡಕ್ಕೆ ಶುರು ಮಾಡಿದೀನಿ. ಎಲ್ಲಾ ಕಡೆ ಹೋಮ್ಸ್ ಜ್ಯಾಬ್ ಹೋಮ್ಸ್ ಜ್ಯಾಬ್ ಅಂತಾರೆ. ಜ್ಯಾಬ್ ಅಂದ್ರೆ ಎಡಗೈ ಮುಂದೆ ಚಾಚೋದು ತಾನೇ, ಎಲ್ರೂ ಮಾಡ್ತಾರಲ್ಲ? ಏನ್ ವಿಶೇಷ?

ಕುಡ್ಲ_ಸೌತ್‌ಪಾ:
ಒಳ್ಳೆ ಪ್ರಶ್ನೆ ಮಾರಾಯ. ನಾನು ಕಾಲೇಜಿನಲ್ಲಿ ಸ್ವಲ್ಪ ಬಾಕ್ಸಿಂಗ್ ಆಡಿದವ, ನಂಗೆ ಗೊತ್ತಿದ್ದಷ್ಟು ಹೇಳ್ತೇನೆ. ಸಾಮಾನ್ಯ ಜ್ಯಾಬ್ ಉಂಟಲ್ಲ, ಅದು ಎದುರಿನವನನ್ನ ದೂರ ಇಡ್ಲಿಕ್ಕೆ, ಅಳತೆ ನೋಡ್ಲಿಕ್ಕೆ. ಅಲಿದು ಹಾಗೆ, ಫಟ್ ಫಟ್ ಅಂತ ಮುಖಕ್ಕೆ ಮುಟ್ಟಿಸಿ ವಾಪಸ್. ಹೋಮ್ಸ್ ಎತ್ತರ 6 ಅಡಿ 3 ಇಂಚು, ಕೈ ಚಾಚಿದ್ರೆ 81 ಇಂಚು. ಅವ ಎಡಗೈಯನ್ನ ಮುಖದ ಹತ್ರ ಇಡುವುದಿಲ್ಲ, ಹೊಟ್ಟೆ ಮಟ್ಟಕ್ಕೆ ಇಳಿಸಿ ಇಡ್ತಾನೆ. ಕೆಳಗಿಂದ ಬರ್ತದೆ ಆ ಜ್ಯಾಬು, ಎದುರಿನವನ ಕಣ್ಣಿಗೆ ಕಾಣುವಾಗ ಅರ್ಧ ದಾರಿ ಬಂದಾಗಿರ್ತದೆ. ಮತ್ತೆ ಬರೀ ಕೈಯಲ್ಲಿ ಹೊಡೆಯುವುದಲ್ಲ, ಎಡಗಾಲು ಮುಂದೆ ಇಟ್ಟು ಇಡೀ ಮೈಯ ಭಾರ ಆ ಏಟಿನ ಹಿಂದೆ ಹಾಕ್ತಾನೆ, ಕೊನೆಗೆ ಮುಷ್ಟಿ ತಿರುಗಿಸ್ತಾನೆ. ಹಾಗಾಗಿ ಅದು ಮುಟ್ಟುವ ಏಟಲ್ಲ, ತಲೆ ಹಿಂದಕ್ಕೆ ಎಗರುವ ಏಟು. ಒಂದು ಬಂತು ಅಂತ ತಲೆ ತಗ್ಗಿಸಿದ್ರೆ ಅದೇ ಕೈಯಿಂದ ಎರಡನೇದು, ಮೂರನೇದು, ಅದರ ಬೆನ್ನಿಗೆ ಬಲಗೈ.

ಕೈ ಕೆಳಗೆ ಇಡುವುದಕ್ಕೆ ತೆರಿಗೆನೂ ಕಟ್ಟಿದ್ದಾನೆ. ಎದುರಿನವನ ಬಲಗೈ ಬಂದಾಗ ಅಡ್ಡ ಹಾಕ್ಲಿಕ್ಕೆ ಎಡಗೈ ಅಲ್ಲಿ ಇರುವುದಿಲ್ಲ. ಶೇವರ್ಸ್ ಬೀಳಿಸಿದ್ದು, 1981ರಲ್ಲಿ ಸ್ನೈಪ್ಸ್ ಅನ್ನುವವ ಬೀಳಿಸಿದ್ದು, ಎರಡೂ ಬಲಗೈ. ಸ್ನೈಪ್ಸ್ ಫೈಟಲ್ಲಿ ಎದ್ದವ ತೂರಾಡಿಕೊಂಡು ಹೋಗಿ ಮೂಲೆಯ ಕಂಬಕ್ಕೆ ಮುಖ ಬಡಿದುಕೊಂಡಿದ್ದಾನೆ, ನೋಡಿದ್ರೆ ಮುಗೀತು ಅನ್ನಿಸ್ತದೆ. 11ನೇ ರೌಂಡಲ್ಲಿ ಗೆದ್ದದ್ದು ಅವನೇ.

ಎಡಗೈ_ಜ್ಯಾಬ್:
ಇದನ್ನ ಸೇವ್ ಮಾಡ್ಕೊಂಡೆ ಕುಡ್ಲ ಅವ್ರೇ. ಆ ಶೇವರ್ಸ್ ರೌಂಡ್ ಬಗ್ಗೆ ನಾನೂ ಸ್ವಲ್ಪ ಬರೀತೀನಿ, ಥ್ರೆಡ್ ಶುರು ಮಾಡಿದ್ದೇ ಅದಕ್ಕೆ. ಶೇವರ್ಸ್ ಅಂದ್ರೆ ಹೆವಿವೇಯ್ಟ್ ಚರಿತ್ರೆಯಲ್ಲೇ ಅತಿ ಭಾರಿ ಏಟಿನವನು ಅಂತ ಅವನ ಹತ್ರ ಏಟು ತಿಂದೋರೇ ಹೇಳ್ತಾರೆ, ಅಲಿ ಅಂತೂ ಅವನ ಏಟಿಗೆ ಆಫ್ರಿಕಾದಲ್ಲಿರೋ ನನ್ನ ನೆಂಟರೂ ಅಲುಗಾಡಿದ್ರು ಅಂತ ತಮಾಷೆ ಮಾಡ್ತಿದ್ದ. 1978ರ ಮಾರ್ಚಲ್ಲಿ ಮೊದಲ ಸಲ ಆಡಿದಾಗ ಹೋಮ್ಸ್ ಅವನನ್ನ 12 ರೌಂಡ್ ಸುಮ್ಮನೆ ಆಟ ಆಡಿಸಿದ್ದ, ಹೆಚ್ಚೂ ಕಮ್ಮಿ ಎಲ್ಲಾ ರೌಂಡೂ ಇವನದ್ದೇ. ಎರಡನೇ ಸಲ 7ನೇ ರೌಂಡಲ್ಲಿ ಆ ಓವರ್‌ಹ್ಯಾಂಡ್ ರೈಟ್, ಅಂದ್ರೆ ಮೇಲಿಂದ ಬೀಸಿದ ಬಲಗೈ, ಬಿತ್ತು. ಬಿದ್ದ ರೀತಿ ನೋಡಿ, ಕಾಲು ಜಾರಿ ಬಿದ್ದಂಗಲ್ಲ, ಬೆನ್ನ ಮೇಲೆ ಧಡಾರ್ ಅಂತ. ಅಂಥ ಏಟಿಗೆ ಎದ್ದೋರು ಕಮ್ಮಿ. ಎದ್ದ. ಎದ್ದು ಕಾಲು ಸರಿ ಇಲ್ಲದೇ ಇದ್ರೂ ರೌಂಡ್ ದಾಟಿಸ್ದ, ಆಮೇಲೆ 11ನೇ ರೌಂಡಲ್ಲಿ ಶೇವರ್ಸ್‌ನೇ ನಿಲ್ಲಿಸ್ದ. ಬಾಬಿಕ್ ಫೈಟ್ ಆದ್ಮೇಲೆ ಗುಂಡಿಗೆ ಇಲ್ಲ ಅಂದಿದ್ರಲ್ಲ, ಅವ್ರೆಲ್ಲಾ ಎಲ್ಲಿಗೆ ಹೋದ್ರೋ.

ನಾರ್ಟನ್ ಫೈಟು ಇನ್ನೂ ದೊಡ್ದು. ನಾರ್ಟನ್ ಅಲಿ ದವಡೆ ಮುರಿದೋನು. ಹೋಮ್ಸ್‌ಗೆ ಫೈಟ್‌ಗೆ ಕೆಲವೇ ದಿನ ಮುಂಚೆ ಟ್ರೇನಿಂಗಲ್ಲಿ ಎಡಗೈ ಸ್ನಾಯು ಹರಿದಿತ್ತು, ಯಾವ ಕೈ ಮೇಲೆ ಅವನ ಇಡೀ ಬಾಕ್ಸಿಂಗ್ ನಿಂತಿದೆಯೋ ಅದೇ ಕೈ. ಮುಂದಕ್ಕೆ ಹಾಕ್ಲಿಲ್ಲ, ಹಾಕಿದ್ರೆ ಇನ್ನೊಂದು ಚಾನ್ಸ್ ಯಾವಾಗ್ಲೋ. 14 ರೌಂಡ್ ಆದ್ಮೇಲೆ ಮೂರೂ ಜಡ್ಜ್ ಕಾರ್ಡಲ್ಲಿ ಸಮ ಸಮ. 15ನೇ ರೌಂಡು ಯಾರಿಗೋ ಟೈಟಲ್ ಅವ್ರಿಗೆ. ಇಬ್ರಿಗೂ ಅಷ್ಟು ಲೆಕ್ಕ ಗೊತ್ತಿರ್ಲಿಲ್ಲ ಆದ್ರೆ ಗೊತ್ತಿದ್ದಂಗೇ ಹೊಡೆದಾಡಿದ್ದಾರೆ. ಮೊದಲರ್ಧ ನಾರ್ಟನ್ ಮುಂದೆ, ಕೊನೇಲಿ ಹೋಮ್ಸ್ ಬಿಟ್ಟ ಏಟುಗಳು ನಾರ್ಟನ್ ತಲೆ ಆ ಕಡೆ ಈ ಕಡೆ ತಿರುಗಿಸ್ತಿವೆ, ಬೆಲ್ ಆದಾಗ ಇಬ್ರೂ ನಿಂತಿರೋದೇ ಆಶ್ಚರ್ಯ. 143-142 ಹೋಮ್ಸ್, 143-142 ಹೋಮ್ಸ್, 143-142 ನಾರ್ಟನ್. ಒಬ್ಬ ಜಡ್ಜ್ ಆ ಒಂದು ರೌಂಡ್ ಬೇರೆ ತರ ನೋಡಿದ್ರೆ ನಾವು ಇವತ್ತು ಈ ಥ್ರೆಡ್ಡೇ ಮಾಡ್ತಿರ್ಲಿಲ್ಲ.

ಹಳೇ_ವಿಸಿಆರ್:
ಅಲಿ ಫೈಟ್ ಬಗ್ಗೆ ಯಾರೂ ಬರೀತಿಲ್ಲ, ಬೇಜಾರಿಗೋ ಏನೋ. ನಾವೆಲ್ಲಾ ಅಲಿ ಹುಚ್ಚಿನ ಕಾಲದೋರು. 1980ರ ಜನವರಿಯಲ್ಲಿ ಅಲಿ ಮದ್ರಾಸಿಗೆ ಬಂದು ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ ಆಡಿದ್ದ, ಬೆಂಗಳೂರಿಗೆ ಬರ್ಲಿಲ್ವಲ್ಲ ಅಂತ ನಮ್ಮನ್ನೆಲ್ಲಾ ಹೊಟ್ಟೆ ಉರಿಸಿದ ವಿಷ್ಯ ಅದು. ಅದೇ ವರ್ಷ ಅಕ್ಟೋಬರ್ 2ಕ್ಕೆ ಲಾಸ್ ವೇಗಸ್‌ನಲ್ಲಿ ಹೋಮ್ಸ್ ಎದುರು ಇಳಿದ. ಫೋಟೋದಲ್ಲಿ ನೋಡಿದ್ರೆ ಸಣ್ಣ ಆಗಿ, ಕೂದ್ಲು ಕಪ್ಪು ಮಾಡ್ಕೊಂಡು, ಚಾಂಪಿಯನ್ ಆಗಿದ್ದಾಗಿನ ಅಲಿ ತರಾನೇ ಇದ್ದ. ಒಳಗೆ ಏನೂ ಇರ್ಲಿಲ್ಲ. ಥೈರಾಯ್ಡ್ ಮಾತ್ರೆ ನುಂಗಿ ಇಳಿಸಿದ್ದ ತೂಕ ಅದು. ಫೈಟ್‌ಗೆ ಮುಂಚೆ ಮೇಯೋ ಕ್ಲಿನಿಕ್‌ನಲ್ಲಿ ಪರೀಕ್ಷೆ ಆಗಿತ್ತು, ಮಾತು ತೊದಲೋದು, ಬೆರಳನ್ನ ಮೂಗಿಗೆ ಸರಿಯಾಗಿ ಮುಟ್ಟಿಸೋಕೆ ಆಗದೇ ಇದ್ದಿದ್ದು ಎಲ್ಲಾ ಅದ್ರಲ್ಲಿ ಬರೆದಿತ್ತು, ಆದ್ರೂ ಲೈಸೆನ್ಸ್ ಕೊಟ್ರು.

ಒಂದೇ ಒಂದು ರೌಂಡ್ ಅಲಿಗೆ ಯಾವ ಜಡ್ಜೂ ಕೊಡ್ಲಿಲ್ಲ. ಹೋಮ್ಸ್ ಹೊಡೀತಾ ಹೊಡೀತಾ ರೆಫ್ರಿ ಮುಖ ನೋಡ್ತಾನೆ, ನಿಲ್ಸಪ್ಪ ಅಂತ. ಹತ್ತನೇ ರೌಂಡ್ ಮುಗಿದಾಗ ಅಲಿ ಟ್ರೇನರ್ ಆಂಜೆಲೊ ಡಂಡಿ ಸಾಕು ಅಂದ, ಅಲಿ ಕಡೆಯವನೇ ಆದ ಬುಂಡಿನಿ ಬ್ರೌನ್ ಇನ್ನೊಂದು ರೌಂಡ್ ಇನ್ನೊಂದು ರೌಂಡ್ ಅಂತ ಡಂಡಿ ಬಟ್ಟೆ ಹಿಡಿದು ಎಳೀತಿದ್ದ. ಮುಗಿದ್ಮೇಲೆ ಗೆದ್ದೋನು ಅಳ್ತಾ ಇದ್ದಾನೆ. ಬೇರೆ ಯಾವ ಫೈಟಲ್ಲೂ ನಾನು ಅದನ್ನ ನೋಡಿಲ್ಲ.

ಹೋಮ್ಸ್‌ಗೆ ಅಲಿ ಬರೀ ಎದುರಾಳಿ ಅಲ್ಲ. ಈಸ್ಟನ್‌ನಿಂದ ಡೀರ್ ಲೇಕ್‌ಗೆ, ಅಂದ್ರೆ ಅಲಿ ಕ್ಯಾಂಪ್‌ಗೆ, ಹೋಗಿ ಕೆಲ್ಸ ಕಲ್ತಿದ್ದು. ಶುರುವಿನಲ್ಲಿ ಸ್ಪಾರಿಂಗ್‌ನಲ್ಲಿ ಅಲಿ ಏಟಿಗೆ ಕಣ್ಣು ಕಪ್ಪಾದಾಗ ಐಸ್ ಇಡ್ತೀನಿ ಅಂದ್ರೆ ಬೇಡ ಅಂದಿದ್ನಂತೆ, ಊರಿಗೆ ಹೋಗಿ ಎಲ್ರಿಗೂ ತೋರಿಸ್ಬೇಕು, ಇದು ಅಲಿ ಕೊಟ್ಟಿದ್ದು ಅಂತ.

ಐರನ್_ಮೈಕ್_ಭಕ್ತ:
ಅದಕ್ಕೇ ಟೈಸನ್-ಹೋಮ್ಸ್ ಫೈಟ್ ದಿನ ಅಲಿ ರಿಂಗಿಗೆ ಬಂದು ಮೈಕ್ ಕಿವೀಲಿ ಅವನನ್ನ ನನಗೋಸ್ಕರ ಹೊಡಿ ಅಂದಿದ್ದು. ಮೈಕೇ ಆಮೇಲೆ ಹೇಳ್ಕೊಂಡಿದ್ದಾನೆ. ಲೆಕ್ಕ ಚುಕ್ತಾ.

ಹೊಸಬ_ಬಾಕ್ಸಿಂಗ್:
ಅಲಿಗೆ ದುಡ್ಡಾದ್ರೂ ಸರಿಯಾಗಿ ಬಂತಾ?

ಹಳೇ_ವಿಸಿಆರ್:
ಎಲ್ಲಿ ಬಂತು. 80 ಲಕ್ಷ ಡಾಲರ್ ಅಂತ ಒಪ್ಪಂದ, ಫೈಟ್ ಏರ್ಪಡಿಸಿದ ಪ್ರಮೋಟರ್ ಡಾನ್ ಕಿಂಗ್ ಅದ್ರಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಹಿಡ್ಕೊಂಡ. ಅಲಿ ಕೋರ್ಟಿಗೆ ಹೋದ, ಆಮೇಲೆ 50,000 ಡಾಲರ್ ನಗದು ಕೊಟ್ಟು ಸೈನ್ ಹಾಕಿಸ್ಕೊಂಡು ಕೇಸ್ ಮುಗಿಸಿದ್ರು. ಹೋಮ್ಸ್‌ಗೂ ಅದೇ ಕಿಂಗೇ ಪ್ರಮೋಟರು ವರ್ಷಗಟ್ಟಲೆ. ಡಾನ್ ಕಿಂಗ್ ನೋಡಕ್ಕೆ ಕಪ್ಪು, ಬದುಕೋದು ಬಿಳಿಯರಂಗೆ, ಯೋಚ್ನೆ ಮಾತ್ರ ಹಸಿರು ಅಂತ ಹೋಮ್ಸ್ ಹೇಳಿದ ಮಾತು ಈಗ್ಲೂ ಓಡ್ತಾ ಇದೆ. ಹಸಿರು ಅಂದ್ರೆ ಡಾಲರ್ ನೋಟು ಕಣಪ್ಪ.

ನ್ಯೂಜೆರ್ಸಿ_ಗೌಡ:
ನಾನಿರೋದು ಈಸ್ಟನ್‌ನಿಂದ ಸ್ವಲ್ಪ ದೂರ, ನದಿ ಈ ಕಡೆ. ಮಕ್ಳನ್ನ ಕ್ರಯೋಲಾ ಮ್ಯೂಸಿಯಂಗೆ ಕರ್ಕೊಂಡು ಹೋಗೋರೆಲ್ಲಾ ಆ ಊರಿಗೆ ಹೋಗಿರ್ತಾರೆ, ಕ್ರಯಾನ್ ಕಂಪನಿ ಊರು ಅದು. ಡೆಲಾವೇರ್ ನದಿ ಪಕ್ಕದ ರಸ್ತೆಗೆ ಲ್ಯಾರಿ ಹೋಮ್ಸ್ ಡ್ರೈವ್ ಅಂತಾನೇ ಹೆಸ್ರು. 2015ರಲ್ಲಿ ಅಲ್ಲೇ ಕಂಚಿನ ಪ್ರತಿಮೆ ನಿಲ್ಸಿದ್ರು, ಎಡಗೈ ಮುಂದೆ ಚಾಚಿರೋದು, ಬೇರೆ ಯಾವ ಪೋಸ್ ಇಡೋಕಾಗತ್ತೆ ಹೇಳಿ. ಪಾರ್ಕಿಂಗ್ ಸಿಗಲ್ಲ ಆ ಏರಿಯಾದಲ್ಲಿ ವೀಕೆಂಡು, ಬೇಗ ಹೋಗಿ.

ನಂಗೆ ಇಷ್ಟ ಆಗೋದು ಬೇರೆ. ಜೋ ಲೂಯಿಸ್ ಕೊನೇಲಿ ಟ್ಯಾಕ್ಸ್ ಬಾಕಿಲಿ ಮುಳುಗಿ ಕ್ಯಾಸಿನೋ ಬಾಗಿಲಲ್ಲಿ ಜನರನ್ನ ಮಾತಾಡಿಸೋ ಕೆಲ್ಸ ಮಾಡ್ದ, ಟೈಸನ್ ಅಷ್ಟು ಕೋಟಿ ಸಂಪಾದಿಸಿ ದಿವಾಳಿ ಆದ. ಹೋಮ್ಸ್ ಲಾಸ್ ವೇಗಸ್‌ಗೆ ಶಿಫ್ಟ್ ಆಗ್ಲಿಲ್ಲ, ಅದೇ ಈಸ್ಟನ್‌ನಲ್ಲಿ ಜಾಗ ತಗೊಂಡು ಕಟ್ಟಡ ಕಟ್ಟಿಸಿ ಬಾಡಿಗೆಗೆ ಕೊಟ್ಟ, ರೆಸ್ಟೋರೆಂಟ್ ಇಟ್ಟ. ಕಾರ್ ತೊಳೀತಿದ್ದ ಊರಲ್ಲೇ ಬಿಲ್ಡಿಂಗ್ ಓನರ್. ಗ್ಲಾಮರ್ ಇಲ್ಲದ ಚಾಂಪಿಯನ್ ಅಂತಾರಲ್ಲ, ಇದೇ ಆ ಗ್ಲಾಮರ್ ಇಲ್ಲದ್ದು.

ಕುಡ್ಲ_ಸೌತ್‌ಪಾ:
ಕೂನಿ ಫೈಟ್ ಬಿಟ್ಟು ಹೋಗಿದೆ ಮಾರಾಯ್ರೆ. 1982 ಜೂನ್ 11. ಅದು ಬಾಕ್ಸಿಂಗಿಗಿಂತ ಜಾಸ್ತಿ ಬಣ್ಣದ ಜಗಳ. ಗೆರ್ರಿ ಕೂನಿ 25 ಫೈಟ್ ಆಡಿ 25 ಗೆದ್ದ ಬಿಳಿ ಹುಡುಗ, ಪಕ್ಕದಿಂದ ಬೀಸುವ ಎಡಗೈ ಹುಕ್ ಬಿದ್ರೆ ಕಥೆ ಮುಗೀತು ಅನ್ನುವಂತದ್ದು. ಬಿಳಿಯರ ಆಶಾಕಿರಣ ಅಂತ ಮಾರ್ಕೆಟ್ ಮಾಡಿದ್ದು ಅವನನ್ನ, ಅವ ಪಾಪ ಹಾಗೆ ಮಾತಾಡಿದವನೂ ಅಲ್ಲ. ಚಾಂಪಿಯನ್ನಿಗೂ ಚಾಲೆಂಜರ್‌ಗೂ ಸಮ ದುಡ್ಡು, ತಲಾ ಒಂದು ಕೋಟಿ ಡಾಲರ್ ಹತ್ರ ಹತ್ರ. ರಿಂಗಿನಲ್ಲಿ ಚಾಂಪಿಯನ್ ಹೆಸರು ಕೊನೆಗೆ ಕರೆಯುವುದು ಪದ್ಧತಿ, ಆ ದಿನ ಹೋಮ್ಸ್ ಹೆಸರು ಮೊದಲು ಕರೆದ್ರು. ಗಲಾಟೆ ಆಗ್ತದೆ ಅಂತ ಸುತ್ತಲಿನ ಹೋಟೆಲ್ ತಾರಸಿ ಮೇಲೆ ಪೊಲೀಸ್ ಬಂದೂಕುಧಾರಿಗಳು. ಇಷ್ಟರ ಮಧ್ಯೆ ಅವ ಏನು ಮಾಡಿದ? ಎರಡನೇ ರೌಂಡಲ್ಲಿ ಬೀಳಿಸಿದ, ಆಮೇಲೆ ಜ್ಯಾಬ್ ಹಾಕಿ ಹಾಕಿ 13ನೇ ರೌಂಡಲ್ಲಿ ಕೂನಿಯ ಟ್ರೇನರ್ ರಿಂಗಿನೊಳಗೆ ಓಡಿ ಬರುವ ಹಾಗೆ ಮಾಡಿದ.

ಅಂಕಪಟ್ಟಿ:
ಅದ್ರಲ್ಲೊಂದು ಸೂಕ್ಷ್ಮ ಇದೆ. ಕೂನಿಗೆ ಸೊಂಟದ ಕೆಳಗೆ ಹೊಡೆದಿದ್ದಕ್ಕೆ ಮೂರು ಪಾಯಿಂಟ್ ಕಟ್ ಆಗಿತ್ತು. ನಿಂತ ಹೊತ್ತಿಗೆ ಇಬ್ಬರು ಜಡ್ಜ್ ಕಾರ್ಡು 113-111 ಹೋಮ್ಸ್. ಆ ಮೂರು ಪಾಯಿಂಟ್ ವಾಪಸ್ ಹಾಕಿ, 114-113 ಕೂನಿ ಮುಂದೆ! ಯಾವ ಫೈಟ್ ನೋಡ್ತಿದ್ರೋ ಆ ಇಬ್ಬರು ದೇವರಿಗೇ ಗೊತ್ತು. 15 ರೌಂಡ್ ಹೋಗಿದ್ರೆ ಕಷ್ಟ ಇತ್ತು. ಹೋಮ್ಸ್‌ಗೆ ಜಡ್ಜ್‌ಗಳ ಮೇಲೆ ಇದ್ದ ಸಿಟ್ಟು ಸುಮ್ಮನೆ ಬಂದಿದ್ದಲ್ಲ ಅಂತ ಹೇಳೋಕೆ ಇದನ್ನ ಬರ್ದೆ.

ಹೋಮ್ಸ್ ಮತ್ತೆ ಕೂನಿ ಆಮೇಲೆ ಒಳ್ಳೇ ಫ್ರೆಂಡ್ಸ್ ಆದ್ರು ಅನ್ನೋದೂ ಸೇರಿಸ್ಬಿಡಿ.

ಧಾರ್ವಾಡ್_ಪೇಢಾ:
ಸಿಟ್ಟಿನ ಮಾತ ಬಂತು ಅಂದ ಮ್ಯಾಲ ಮಾರ್ಸಿಯಾನೋ ವಿಷ್ಯಕ್ಕ ಬರೂಣು. ರಾಕಿ ಮಾರ್ಸಿಯಾನೋ 49ಕ್ಕ 49 ಗೆದ್ದು ನಿವೃತ್ತಿ ಆಗಿದ್ದ. ಅವನ ಕಡೀ ಫೈಟ್ 1955 ಸೆಪ್ಟೆಂಬರ್ 21. ಸರಿಯಾಗಿ 30 ವರ್ಷಕ್ಕ, 1985 ಸೆಪ್ಟೆಂಬರ್ 21ಕ್ಕ, ಹೋಮ್ಸ್ 49ನೇ ಫೈಟಿಗೆ ನಿಂತ. ಎದುರಿಗೆ ಮೈಕೆಲ್ ಸ್ಪಿಂಕ್ಸ್, ಲಿಯಾನ್‌ನ ತಮ್ಮ, ಲೈಟ್ ಹೆವಿವೇಯ್ಟ್ ಚಾಂಪಿಯನ್. ಆ ತೂಕದ ಚಾಂಪಿಯನ್ ಮ್ಯಾಲೆ ಬಂದು ಹೆವಿವೇಯ್ಟ್ ಟೈಟಲ್ ಗೆದ್ದದ್ದು ಅಲ್ಲೀತನಕಾ ಒಬ್ಬನೂ ಇಲ್ಲ. ಹೋಮ್ಸ್ ಸೋತ, ಮೂರೂ ಜಡ್ಜ್ ಸ್ಪಿಂಕ್ಸ್ ಅಂದ್ರು. ಸೋತು ಬಂದು ಪತ್ರಕರ್ತರ ಮುಂದ, ಮಾರ್ಸಿಯಾನೋನ ಮನಿ ಮಂದಿ ಇದ್ದಲ್ಲೇ, ರಾಕಿ ನನ್ನ ಲಂಗೋಟಿ ಹೊರಾಕೂ ಲಾಯಕ್ ಇಲ್ಲ ಅಂದ. ಸತ್ತಾವನ ಬಗ್ಗೆ ಹಂಗ ಮಾತಾಡೂದೇನ್ರಿ? ಕ್ಷಮಾ ಕೇಳಿದ ಆಮ್ಯಾಲ, ಆದ್ರ ಮಂದಿ ಮನಸ್ಸಿನ್ಯಾಗ ಆ ಒಂದು ಮಾತ ಕುಂತ ಬಿಟ್ಟತಿ. ಮರ್ಯಾದಿ ಸಿಗಲಿಲ್ಲ ಅಂತೀರಿ, ಅರ್ಧ ಮರ್ಯಾದಿ ಅವನ ಬಾಯಿನ ತಿಂತು.

ಎಡಗೈ_ಜ್ಯಾಬ್:
ಬಾಯಿ ವಿಷ್ಯದಲ್ಲಿ ಏನೂ ಹೇಳಂಗಿಲ್ಲ. ಅಲಿ ಬೈದ್ರೆ ಪದ್ಯ, ಇವ್ನು ಬೈದ್ರೆ ಬೈಗುಳ. 1991ರಲ್ಲಿ ಫ್ಲೋರಿಡಾದ ಹೋಟೆಲ್ ಮುಂದೆ ಬರ್ಬಿಕ್ ಜೊತೆ ಜಗಳ ಆಗಿ, ನಿಂತಿದ್ದ ಕಾರಿನ ಟಾಪ್ ಮೇಲೆ ಓಡಿ ಅಲ್ಲಿಂದ ಬರ್ಬಿಕ್ ಮೇಲೆ ಹಾರಿದ್ದು ವೀಡಿಯೋ ಇದೆ, 41 ವಯಸ್ಸಲ್ಲಿ 😄 ಅಂಥ ಮನುಷ್ಯ.

ಆದ್ರೆ ಸ್ಪಿಂಕ್ಸ್ ಎರಡನೇ ಫೈಟ್, 1986 ಏಪ್ರಿಲ್, ಅದನ್ನ ಕದ್ದಿದ್ದಾರೆ. ನಾನಲ್ಲ, ಆಗ ಬರೆದೋರಲ್ಲೂ ತುಂಬಾ ಜನ ಹೋಮ್ಸ್ ಗೆದ್ದ ಅಂದಿದ್ದಾರೆ. ಸ್ಪ್ಲಿಟ್ ಡಿಸಿಷನ್, ಅಂದ್ರೆ ಮೂರು ಜಡ್ಜ್‌ಗಳಲ್ಲಿ ಇಬ್ರು ಸ್ಪಿಂಕ್ಸ್‌ಗೆ ಕೊಟ್ರು. ಬಲಗೈ ಹೆಬ್ಬೆರಳು ಮುರ್ಕೊಂಡು ಆಡಿದ್ದು ಬೇರೆ.

ಹೊಸಬ_ಬಾಕ್ಸಿಂಗ್:
ಸರಿ ಒಂದು ಫೈಟ್ ಹೇಳಿ, ಇವತ್ತು ರಾತ್ರಿ ನೋಡ್ತೀನಿ. ನಾರ್ಟನ್ ನೋಡ್ಲಾ?

ಹಳೇ_ವಿಸಿಆರ್:
ನಾರ್ಟನ್ ಭಾನುವಾರಕ್ಕಿಟ್ಕೋ, 15 ರೌಂಡು. ಇವತ್ತು ರೇ ಮರ್ಸರ್ ಫೈಟ್ ನೋಡು, 1992 ಫೆಬ್ರವರಿ. ಮರ್ಸರ್ ಅಂದ್ರೆ 1988ರ ಒಲಿಂಪಿಕ್ ಚಿನ್ನ, ಸೋಲೇ ಗೊತ್ತಿಲ್ಲ, ನಾಲ್ಕು ತಿಂಗಳ ಹಿಂದೆ ಟಾಮಿ ಮಾರಿಸನ್‌ನ ಹಗ್ಗಕ್ಕೆ ಒರಗಿಸಿ ಎಂಥಾ ಹೊಡ್ತ ಹೊಡೆದಿದ್ದ ಅಂದ್ರೆ ನೋಡಕ್ಕಾಗಲ್ಲ. ಹೋಮ್ಸ್‌ಗೆ 42. ಕಾಲಿಲ್ಲ, ಓಡಾಡೋಕೆ ಆಗಲ್ಲ, ಹಾಗಂತ ತಾನೇ ಹೋಗಿ ಮೂಲೆಗೆ ಒರಗಿ ನಿಂತ್ಕೊಂಡು ಕೈ ಸನ್ನೆ ಮಾಡಿ ಬಾ ಬಾ ಅಂತ ಕರೀತಾನೆ. ಮರ್ಸರ್ ಬರ್ತಾನೆ, ಹೋಮ್ಸ್ ಭುಜ ಒಂಚೂರು ತಿರುಗಿಸ್ತಾನೆ, ಏಟು ಜಾರಿ ಹೋಗತ್ತೆ, ವಾಪಸ್ ಒಂದು ಬಲಗೈ. 12 ರೌಂಡು ಇದೇ. ಮೂರೂ ಜಡ್ಜ್ ಹೋಮ್ಸ್ ಅಂದ್ರು, ಈ ಸಲ ಜಡ್ಜ್‌ಗಳ ಮೇಲೆ ಅವನೂ ಸಿಟ್ಟು ಮಾಡ್ಕೊಳ್ಲಿಲ್ಲ ಅನ್ಸತ್ತೆ. ಅದೇ ಜೂನ್‌ನಲ್ಲಿ ಹೋಲಿಫೀಲ್ಡ್ ಜೊತೆ ಟೈಟಲ್‌ಗೆ ಆಡಿ ಪಾಯಿಂಟ್ ಮೇಲೆ ಸೋತ, 1995ರಲ್ಲಿ 45 ವಯಸ್ಸಲ್ಲಿ ಆಲಿವರ್ ಮೆಕ್‌ಕಾಲ್ ಹತ್ರ ಕೂದಲೆಳೆಯಲ್ಲಿ ಸೋತ. ಕೊನೇದು 2002, ಬಟರ್‌ಬೀನ್ ಅನ್ನೋ ದಢೂತಿ ಜೊತೆ, ಅದು ಬರೀ ದುಡ್ಡಿಗೆ, ಅದನ್ನ ನೋಡ್ಬೇಡ. ಒಟ್ಟು 69 ಗೆಲುವು, 6 ಸೋಲು.

ಅಂಕಪಟ್ಟಿ:
ಮರ್ಸರ್ ಆದ್ಮೇಲೆ ಸ್ಪಿಂಕ್ಸ್ ಎರಡನೇದು ನೋಡಿ, ಕಾಮೆಂಟರಿ ಮ್ಯೂಟ್ ಮಾಡಿ, ಪೇಪರ್ ಪೆನ್ನು ಇಟ್ಕೊಂಡು. ನನ್ನ ಕಾರ್ಡು ಹೋಮ್ಸ್ 9 ರೌಂಡ್, ಸ್ಪಿಂಕ್ಸ್ 6. ನಿಮ್ಮಿಂದು ಇಲ್ಲೇ ಹಾಕಿ, ಜಗಳ ಆಮೇಲೆ ಮಾಡೋಣ.

ಕುಡ್ಲ_ಸೌತ್‌ಪಾ:
ನಂದು 8-7 ಹೋಮ್ಸ್. ಮೊದಲ ನಾಲ್ಕೈದು ರೌಂಡು ಪೂರಾ ಅವನದ್ದೇ, ಮಧ್ಯದಲ್ಲಿ ಸುಸ್ತಾದ.

ಧಾರ್ವಾಡ್_ಪೇಢಾ:
8-7 ಸ್ಪಿಂಕ್ಸ್. 14ನೇದ್ರಾಗ ಹೋಮ್ಸ್‌ನ ಬಲಗೈ ಬಿದ್ದು ಸ್ಪಿಂಕ್ಸ್ ಕಾಲ ಅಲ್ಲಾಡಿದ್ದು ಖರೆ, ಅಲ್ಲೇ ಮುಗಿಸಬೇಕಿತ್ತು, ಮುಗಿಸಲಿಲ್ಲ. ಹೆಬ್ಬೆರಳ ಮುರದಿತ್ತು ಅಂತೀರಿ, ಜಡ್ಜ್ ಎಕ್ಸ್‌ರೇ ನೋಡಿ ಮಾರ್ಕ್ಸ್ ಕೊಡ್ತಾನೇನ್ರಿ?